ಧಾರವಾಡದಿಂದ ದಿಗುರಾಗೆ: ಶಾರ್ಕ್‌ಗಳ ಜೊತೆ ಎಂಟು ದಿನ

ಹೊರಡುವ ಸಂಜೆ

ಅವ್ವ ಕಿಟಕಿ ಪಕ್ಕ ಕೂತು ಕರಿ ಬಟ್ಟೆ ಮೇಲೆ ಕಸೂತಿ ಹಾಕುತ್ತಿದ್ದಳು. ಆಗ ಅವಳನ್ನು ಮಾತಾಡಿಸಬಾರದು, ಲೆಕ್ಕ ತಪ್ಪುತ್ತದೆ. ಕಸೂತಿಗೆ ಬಟ್ಟೆ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ. ಆದರೆ ಅವತ್ತು, ತಮ್ಮ ಮತ್ತು ನಾನು ಮಾಲ್ಡೀವ್ಸ್‌ಗೆ ಹೊರಡುವ ಸಂಜೆ, ಅವಳೇ ಸೂಜಿ ನಿಲ್ಲಿಸಿ ಕೇಳಿದಳು.

"ಅಲ್ಲವ್ವಾ, ಮೀನ ನೋಡಾಕ ಅಷ್ಟ ದೂರ ಹೋಗಿ ನೀರಾಗ ಯಾಕ ಮುಳಗಬೇಕು? ಅದೂ ಶಾರ್ಕ್ ಮೀನ!"

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಶಾರ್ಕ್‌ಗೆ ಗಟ್ಟಿ ಎಲುಬು ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೆದು ಎಲುಬೇ ಅದರ ಮೈಯನ್ನು ಹಿಡಿದಿಟ್ಟಿದೆ ಅಂತ ಎಷ್ಟೋ ವರ್ಷದಿಂದ ಪಾಠ ಮಾಡುತ್ತಾ ಬಂದಿದ್ದೇನೆ. ಪ್ರತಿ ವರ್ಷ ಒಬ್ಬರಾದರೂ ಎದ್ದು ನಿಂತು "ಟೀಚರ್, ನೀವು ನೋಡೀರೇನ್ರಿ?" ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತಿದ್ದೆ. ಆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವ್ವನಿಗೂ ಅದನ್ನೇ ಹೇಳಿದೆ. ಅವಳು ಮತ್ತೆ ಮಾತಾಡಲಿಲ್ಲ. ಒಳಗೆ ಹೋಗಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತಂದು ನನ್ನ ಬ್ಯಾಗಿನ ಮೇಲೆ ಇಟ್ಟಳು.

ನೀರು ನನಗೆ ಹೊಸದಲ್ಲ. ಗರಗದ ಹತ್ತಿರ ಅಜ್ಜನ ಹೊಲದ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತವಳು ನಾನು. ಸಮುದ್ರ ಹೊಸದು. ಹೋದ ವರ್ಷ ತಮ್ಮ ಮತ್ತು ನಾನು ಅರಬೈಲು ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು, ಕಲಿತಿದ್ದೆವು. ನಾಲ್ಕು ಡೈವ್ ಮಾಡಿ, ಪರೀಕ್ಷೆ ಬರೆದು, 18 ಮೀಟರ್ ಆಳದವರೆಗೆ ಇಳಿಯುವ ಸರ್ಟಿಫಿಕೇಟ್ ಪಡೆದೆವು. ಬಾವಿಯಲ್ಲಿ ಕಲಿತ ಒಂದು ಪಾಠವನ್ನು ಅಲ್ಲಿ ಬಿಡಬೇಕಾಯಿತು. ಬಾವಿಯಲ್ಲಿ ಉಸಿರು ಹಿಡಿದವನೇ ಶೂರ. ಸ್ಕೂಬಾದಲ್ಲಿ ಮೊದಲ ನಿಯಮವೇ ಉಸಿರು ಹಿಡಿಯಬೇಡಿ ಅನ್ನೋದು. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿಯನ್ನು ಹಿಡಿದಿಟ್ಟು ಮೇಲೆ ಬಂದರೆ ಅದು ಎದೆಯೊಳಗೆ ಹಿಗ್ಗಿ ಪುಪ್ಪುಸವನ್ನೇ ಹರಿಯಬಹುದು. ಉಸಿರಾಡುತ್ತಲೇ ಇರಬೇಕು, ನಿಧಾನವಾಗಿ.

ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿ. ತಮ್ಮ ಅಲ್ಲೇ ಕೆಲಸ ಮಾಡುತ್ತಾನೆ, ಸ್ಟೇಷನ್ನಿನಲ್ಲೇ ಸಿಕ್ಕ. ರಾತ್ರಿ ರೈಲಿಗೆ ಬೆಂಗಳೂರು.

ಮೊದಲ ದಿನ

ಬೆಂಗಳೂರಿನಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಇಳಿದ ಮೇಲೆ ವೀಸಾ ದುಡ್ಡಿಲ್ಲದೆ ಕೊಡುತ್ತಾರೆ. ಗಡಿಯಾರ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದೆವು. ವಿಮಾನ ನಿಲ್ದಾಣವೇ ಒಂದು ದ್ವೀಪ. ಬಾಗಿಲು ದಾಟಿದರೆ ಟ್ಯಾಕ್ಸಿ ಸಾಲು ಇರಬೇಕಾದ ಜಾಗದಲ್ಲಿ ಬೋಟುಗಳ ಸಾಲು ಇತ್ತು.

ಸ್ಪೀಡ್‌ಬೋಟಿನಲ್ಲಿ ದಕ್ಷಿಣಕ್ಕೆ, ವಾವು ಹವಳ ದ್ವೀಪಗಳ ಗುಂಪಿನ ಫುಲಿದೂಗೆ ಹೋದೆವು. ಚಿಕ್ಕ ಊರು. ನಡೆದುಕೊಂಡೇ ಇಡೀ ದ್ವೀಪ ಸುತ್ತಿ ಬರಬಹುದು. ಬೀದಿಗೆ ಡಾಂಬರಿಲ್ಲ, ಬಿಳಿ ಮರಳು. ಮನೆ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳು. ಅದಕ್ಕೆ ಅವರು 'ಜೋಲಿ' ಅನ್ನುತ್ತಾರೆ. ಕೂತರೆ ನಿಜವಾಗಲೂ ಜೋಲಿಯಲ್ಲಿ ಮಲಗಿದ ಹಾಗೇ ಆಗುತ್ತದೆ. ಬೋಟಿಗೆ 'ದೋಣಿ'. ಅವರ ದಿವೇಹಿ ಭಾಷೆಯಲ್ಲಿ ಹೀಗೆ ಪರಿಚಯದ ಮಾತು ಕೇಳಿದಾಗಲೆಲ್ಲ ತಮ್ಮ ನನ್ನ ಮೊಣಕೈ ತಿವಿಯುತ್ತಿದ್ದ.

ಸಂಜೆ ಊಟಕ್ಕೆ ರೋಶಿ ಕೊಟ್ಟರು. ನಮ್ಮ ಚಪಾತಿಯೇ. ಅದರ ಜೊತೆ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ಟ್ಯೂನಾ ಮೀನು ಕಲಸಿದ ಮಾಸ್ ಹುನಿ ಅಲ್ಲಿಯ ದಿನನಿತ್ಯದ ತಿಂಡಿ. ನಾವು ಮೀನು ತಿನ್ನುವುದಿಲ್ಲ ಅಂದಾಗ ಮನೆಯ ಹೆಂಗಸು ಮೀನು ಬಿಟ್ಟು ಬೇರೆ ಕಲಸಿ ತಂದಳು. ಶೇಂಗಾ ಚಟ್ನಿ ಸ್ವಲ್ಪ ಅವಳ ಕೈಗೂ ಹಾಕಿದೆ. ಮೂಸಿ ನೋಡಿ, ನಾಲಿಗೆಗೆ ಹಚ್ಚಿ, ಮತ್ತೆ ಕೈ ಚಾಚಿದಳು.

ಎರಡನೇ ದಿನ

ಈ ದಿನ ನನಗೆ ಸಿಗಲಿಲ್ಲ.

ಬೆಳಿಗ್ಗೆ ಮೊದಲ ಡೈವ್ ಇತ್ತು. ನಮಗೆ ಎಷ್ಟು ಬರುತ್ತದೆ ಅಂತ ನೋಡಲು ಗೈಡ್ ಮಾಡಿಸುವ ಸುಲಭದ ಡೈವ್. ನೀರು ಬಿಸಿಲಿಗೆ ಇಟ್ಟ ಹಂಡೆಯ ಹಾಗೆ ಬೆಚ್ಚಗಿತ್ತು. 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಇಳಿದೆವು. ಮೂರು ಮೀಟರ್ ಹೋಗಿರಬೇಕು, ಬಲಗಿವಿ ಕಟ್ಟಿತು. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟುತ್ತದಲ್ವಾ, ಅದೇ ಥರ, ಆದರೆ ಹತ್ತು ಪಟ್ಟು ಜಾಸ್ತಿ. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಬಿಡಬೇಕು. ಬಿಡಲಿಲ್ಲ. ಒಂದು ಮೀಟರ್ ಮೇಲೆ ಬಂದು ಮತ್ತೆ ಊದಿದೆ. ಇಲ್ಲ. ಧಾರವಾಡದಿಂದ ಹೊರಡುವ ಮೊದಲೇ ನೆಗಡಿ ಆಗಿತ್ತು. ವಾಸಿಯಾಗಿದೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಗೈಡ್ ನನ್ನ ಮುಖ ನೋಡಿ ಹೆಬ್ಬೆರಳು ಮೇಲೆ ಮಾಡಿದ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಅಂತಲ್ಲ, 'ಮೇಲೆ ಹೋಗು' ಅಂತ. ಹೋದೆ. ಜೋರು ಮಾಡಿ ಇಳಿದಿದ್ದರೆ ಕಿವಿಯ ತಮಟೆ ಹರಿಯುತ್ತಿತ್ತು. ಇನ್ನೂ ಆರು ದಿನ ದಡದಲ್ಲೇ ಕಳೆಯಬೇಕಾಗುತ್ತಿತ್ತು. ಅದು ಗೊತ್ತಿದ್ದೂ ಅಳು ಬಂತು.

ತಮ್ಮ ಡೈವ್ ಮುಗಿಸಿ ಬಂದವನು ಏನು ನೋಡಿದೆ ಅಂತ ಹೇಳಲೇ ಇಲ್ಲ. "ಅಕ್ಕಾ, ನಾಳೆ ಇಬ್ಬರೂ ಕೂಡೇ ನೋಡೂಣು. ನಾ ಒಬ್ಬಾವ್ನ ಹೇಳೂದಿಲ್ಲ" ಅಂದ. ಬಿಸಿ ನೀರಿನ ಆವಿ ತೆಗೆದುಕೊಂಡು ದಿನವಿಡೀ ಮಲಗಿದೆ.

ಸಂಜೆ ದಡಕ್ಕೆ ಹೋದೆ. ಮೊಣಕಾಲುದ್ದ ನೀರಿನಲ್ಲಿ ತೊರಕೆ ಮೀನುಗಳು ಬಿದ್ದ ಕರಿ ಛತ್ರಿಗಳ ಹಾಗೆ ತೇಲಿ ಬರುತ್ತಿದ್ದವು. ಅವುಗಳ ಹಿಂದೆ ಕಂದು ಬಣ್ಣದ ಉದ್ದನೆಯ ಒಂದು ಮೈ. ನರ್ಸ್ ಶಾರ್ಕ್. ಜೀವನದಲ್ಲಿ ನೋಡಿದ ಮೊದಲ ಶಾರ್ಕ್ ನನ್ನ ಪಾದದಿಂದ ಎರಡು ಮಾರು ದೂರದಲ್ಲಿತ್ತು. ಯಾರೋ ಮೀನು ಹೆಚ್ಚಿದ ತುಣುಕುಗಳನ್ನು ಎಸೆಯುತ್ತಿದ್ದರು. ಅದಕ್ಕೇ ಬಂದಿತ್ತು.

ಮೂರನೇ ದಿನ

ಕಿವಿ ಬಿಟ್ಟಿತು! ಬೆಳಿಗ್ಗೆ ಎದ್ದು ಮೂಗು ಹಿಡಿದು ಊದಿದಾಗ ಎರಡೂ ಕಡೆ 'ಟಪ್' ಅಂದ ಸದ್ದು ಕೇಳಿ ತಮ್ಮನನ್ನು ಎಬ್ಬಿಸಿದೆ.

ಡೈವ್ ಜಾಗ ಹತ್ತಿರವೇ, ಆಳ ಹೆಚ್ಚಿಲ್ಲ, ಹನ್ನೊಂದು ಮೀಟರ್. ಕೆಳಗೆ ಬಿಳಿ ಮರಳಿನ ಬಯಲು. ಗೈಡ್ ಮೊದಲೇ ಹೇಳಿದ್ದ: ಮರಳಿನ ಹತ್ತಿರ ಇರಿ, ಕೈ ಎದೆಗೆ ಕಟ್ಟಿಕೊಳ್ಳಿ, ಬೆರಳು ಚಾಚಬೇಡಿ, ಹಿಂದೆ ಬೆನ್ನಟ್ಟಬೇಡಿ. ನನ್ನ ಕೆಂಪು ಬಳೆ ನೋಡಿದೆ, ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಬೆಳಕಿನಲ್ಲಿ ಮೊದಲು ಕೆಂಪನ್ನೇ ನುಂಗುತ್ತದೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು. ನನ್ನದೇ ಕೈಯಲ್ಲಿ ನೋಡಿದ್ದು ಇವತ್ತೇ.

ಹವಳದ ಚಾಚಿನ ಕೆಳಗೆ ಮೂರು ನರ್ಸ್ ಶಾರ್ಕ್‌ಗಳು ಒಂದರ ಮೇಲೊಂದು ಮೈ ಹಾಕಿ ಮಲಗಿದ್ದವು. ಓಣಿಯ ನಾಯಿಗಳು ಚಳಿಗಾಲದ ಬೆಳಿಗ್ಗೆ ಮಲಗುವ ಹಾಗೆ. ಇವು ರಾತ್ರಿ ತಿರುಗಿ ಬೇಟೆಯಾಡುತ್ತವೆ, ಹಗಲು ನಿದ್ದೆ. ಶಾರ್ಕ್ ಈಜುವುದು ನಿಲ್ಲಿಸಿದರೆ ಸಾಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕೆಲವು ಜಾತಿಗಳಿಗೆ ಆ ಮಾತು ಹೊಂದುತ್ತದೆ. ನರ್ಸ್ ಶಾರ್ಕ್‌ಗೆ ಹೊಂದುವುದಿಲ್ಲ. ಬಾಯಿಯಿಂದ ನೀರು ಎಳೆದು ಕಿವಿರುಗಳಿಗೆ ತಳ್ಳುತ್ತದೆ, ಹಾಗಾಗಿ ಸುಮ್ನೆ ಮಲಗಿಯೂ ಉಸಿರಾಡುತ್ತದೆ. ಆ ಐದು ಸೀಳುಗಳು ತೆರೆದು ಮುಚ್ಚುವುದನ್ನು ನಾನು ಎಣಿಸುತ್ತಾ ಕೂತೆ. ನಡುವೆ ನನ್ನ ಉಸಿರು ಕೂಡ ಅದರ ಲಯಕ್ಕೆ ಬಂದಿತ್ತು.

ಆಮೇಲೆ ಒಂದು ಎದ್ದಿತು. ನನ್ನ ಎತ್ತರಕ್ಕಿಂತ ಉದ್ದ. ಬಾಲವೇ ಬಹಳ ಉದ್ದ. ಮರಳಿಗೆ ಹೊಟ್ಟೆ ತಾಗಿಸುತ್ತಾ ನೇರ ನನ್ನ ಕಡೆ ಬಂತು. ಮೂತಿಯ ಕೆಳಗೆ ಎರಡು ಸಣ್ಣ ಮೀಸೆ. ಮರಳಿನಲ್ಲಿ ಅಡಗಿದ್ದನ್ನು ಆ ಮೀಸೆಯಿಂದ ತಡವಿ ಹುಡುಕುತ್ತದೆ. ಕಣ್ಣು ತೀರಾ ಚಿಕ್ಕದು, ಗುಲಗಂಜಿಯಷ್ಟು. ಬಾಯಿಯೂ ಸಣ್ಣದು. ಏಡಿ, ಆಕ್ಟೋಪಸ್ ಇಂಥವನ್ನು ಸಂದಿಯಿಂದ ಜೋರಾಗಿ ಹೀರಿ ಎಳೆದುಕೊಂಡು ನುಂಗುವುದು ಇದರ ಪದ್ಧತಿ. ಕೈ ಎದೆಗೆ ಒತ್ತಿಕೊಂಡೆ. ಅದು ನನ್ನ ಎಡ ಭುಜದ ಪಕ್ಕ ಹಾದುಹೋಯಿತು. ಚರ್ಮ ಬಡಗಿಯ ಉಜ್ಜುಕಾಗದದ ಹಾಗೆ ಒರಟು ಅನ್ನುವುದು ಕಣ್ಣಿಗೇ ಗೊತ್ತಾಗುತ್ತಿತ್ತು. ಮುಟ್ಟಲಿಲ್ಲ. ಮುಟ್ಟಬೇಕು ಅಂತ ಅನಿಸಲೂ ಇಲ್ಲ. ಹೆದರಿಕೆ ಇರಲಿಲ್ಲವಾ? ಇತ್ತು. ಅದು ಹಾದುಹೋದ ಮೇಲೆ ಮೊಣಕಾಲು ನಡುಗಿದವು.

ಅಷ್ಟರಲ್ಲಿ ಬೇರೊಂದು ಗುಂಪು ಇಳಿಯಿತು. ಅವರ ಗೈಡ್ ಕೈಯಲ್ಲಿ ಟ್ಯೂನಾ ತುಂಬಿದ ಡಬ್ಬಿ. ಅದನ್ನು ಬಿಚ್ಚಿದ್ದೇ ತಡ, ಮಲಗಿದ್ದವೆಲ್ಲ ಎದ್ದವು. ಹತ್ತು, ಹನ್ನೆರಡು, ಇಪ್ಪತ್ತು. ಒಂದರ ಮೇಲೊಂದು ಬಿದ್ದು, ಮರಳೆಲ್ಲ ಕದಡಿ, ಎದುರಿನವರು ಕಾಣದ ಹಾಗಾಯಿತು. ಜನ ಕ್ಯಾಮೆರಾ ಎತ್ತಿ ಹಿಡಿದರು. ಒಬ್ಬ ಶಾರ್ಕ್‌ನ ರೆಕ್ಕೆ ಹಿಡಿದು ಫೋಟೋಗೆ ನಿಂತ.

ಶಾರ್ಕ್ ಅವನಿಗೆ ಏನೂ ಮಾಡಲಿಲ್ಲ. ನನಗೆ ಮಾತ್ರ ಸಂಕಟವಾಯಿತು. ಮೇಲೆ ಬಂದ ಮೇಲೆ ನಮ್ಮ ಗೈಡ್‌ಗೆ ಹೇಳಿದೆ. ಅವನು ಹೇಳಿದ್ದು ಇಷ್ಟು: "ತಿನ್ನಿಸಿದರೆ ಖಂಡಿತ ಬರುತ್ತವೆ, ಬಂದರೆ ಜನ ದುಡ್ಡು ಕೊಡುತ್ತಾರೆ. ಆ ದುಡ್ಡಿನಿಂದಲೇ ಇವತ್ತು ಇಲ್ಲಿ ಯಾರೂ ಶಾರ್ಕ್ ಹಿಡಿಯುವುದಿಲ್ಲ." ಅದೂ ನಿಜವೇ. ಮಾಲ್ಡೀವ್ಸ್ 2010ರಲ್ಲಿ ಎಲ್ಲ ಜಾತಿಯ ಶಾರ್ಕ್ ಬೇಟೆಯನ್ನೂ ನಿಲ್ಲಿಸಿತು. ಸತ್ತ ಶಾರ್ಕ್‌ಗಿಂತ ಬದುಕಿದ ಶಾರ್ಕ್ ಊರಿಗೆ ಹೆಚ್ಚು ಗಳಿಸಿಕೊಡುತ್ತದೆ ಅನ್ನುವ ಲೆಕ್ಕವೂ ಅದರ ಹಿಂದೆ ಇತ್ತು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಹಗಲು ಮಲಗುವ ಪ್ರಾಣಿಯನ್ನು ಹಗಲು ಎಬ್ಬಿಸಿ, ಮನುಷ್ಯನ ಕೈ ನೋಡುವುದನ್ನು ಕಲಿಸಬಾರದು. ಮಲಗಿದ್ದ ಆ ಮೂರನ್ನು ನೋಡಿದ್ದೇ ನನಗೆ ಸಾಕಿತ್ತು.

ನಾಲ್ಕನೇ ದಿನ

ಬೋಟು, ಮಾಲೆ, ಮತ್ತೆ ಬೋಟು. ದಕ್ಷಿಣ ಆರಿ ಹವಳ ದ್ವೀಪಗಳ ಗುಂಪಿನ ದಿಗುರಾ ದ್ವೀಪ. 'ದಿಗು' ಅಂದರೆ ಉದ್ದ, ನಮ್ಮ 'ದೀರ್ಘ'ದ ನೆಂಟ. ಹೆಸರಿಗೆ ತಕ್ಕ ಹಾಗೆ ಮೂರು ಕಿಲೋಮೀಟರ್ ಉದ್ದ, ಅಗಲ ಮಾತ್ರ ಎರಡು ಹೊಲದಷ್ಟು. ತುದಿಯಲ್ಲಿ ಬಿಳಿ ಮರಳಿನ ನಾಲಿಗೆ ಸಮುದ್ರದೊಳಗೆ ಚಾಚಿದೆ. ಸಂಜೆ ಅಲ್ಲಿವರೆಗೆ ನಡೆದು, ಖಡಕ್ ರೊಟ್ಟಿ ಮುರಿದು ತಿಂದೆವು.

ಐದನೇ ದಿನ

ಇಲ್ಲಿಗೆ ಬಂದದ್ದು ತಿಮಿಂಗಿಲ ಶಾರ್ಕ್ ನೋಡಲು. ಹೆಸರಲ್ಲಿ ತಿಮಿಂಗಿಲ ಇದ್ದರೂ ಅದು ಮೀನೇ, ಭೂಮಿಯ ಮೇಲಿನ ಎಲ್ಲಕ್ಕಿಂತ ದೊಡ್ಡ ಮೀನು. ತಿಮಿಂಗಿಲ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ, ಇದು ಎಡಕ್ಕೆ ಬಲಕ್ಕೆ. ಮೇಲೆ ಬಂದು ಉಸಿರು ಎಳೆದುಕೊಳ್ಳುವುದಿಲ್ಲ, ಕಿವಿರಿದೆ. ಬಾಯಲ್ಲಿ ಅಕ್ಕಿ ಕಾಳಿನಂಥ ಸಾವಿರಾರು ಹಲ್ಲುಗಳಿವೆ, ಆದರೆ ಕಡಿಯುವುದಿಲ್ಲ. ಬಾಯಿ ತೆರೆದು ನೀರು ತುಂಬಿಕೊಂಡು, ಪ್ಲಾಂಕ್ಟನ್, ಮೀನಿನ ಮೊಟ್ಟೆ, ಸಣ್ಣ ಸಿಗಡಿ ಇವನ್ನು ಸೋಸಿ ತಿನ್ನುತ್ತದೆ.

ಬಹಳ ದೇಶಗಳಲ್ಲಿ ಅದು ಒಂದು ಕಾಲಕ್ಕೆ ಬಂದು ಹೋಗುತ್ತದೆ. ಇಲ್ಲಿ ಹವಳದ ಗೋಡೆಯ ಅಂಚಿನಲ್ಲಿ ವರ್ಷವಿಡೀ ಸಿಗುತ್ತದೆ. ಅದಕ್ಕಾಗಿ 2009ರಲ್ಲಿ 42 ಚದರ ಕಿಲೋಮೀಟರ್ ಸಮುದ್ರವನ್ನು ರಕ್ಷಿತ ಜಾಗ ಅಂತ ಘೋಷಿಸಿದರು. ಸಿಗುವವು ಹೆಚ್ಚಾಗಿ ಇನ್ನೂ ಪೂರ್ತಿ ಬೆಳೆಯದ ಗಂಡುಗಳು. ತುಂಬಿದ ಹೆಣ್ಣುಗಳು ಎಲ್ಲಿ ಹೋಗಿ ಮರಿ ಹಾಕುತ್ತವೆ ಅನ್ನುವುದು ವಿಜ್ಞಾನಕ್ಕೂ ಇನ್ನೂ ಸಿಗದ ಗುಟ್ಟು. 1995ರಲ್ಲಿ ತೈವಾನ್ ಹತ್ತಿರ ಸಿಕ್ಕ ಒಂದು ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಇದು ಮೊಟ್ಟೆ ಹೊರಗಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಅಂತ ಆಗಲೇ ಖಾತ್ರಿಯಾದದ್ದು.

ಬೆಳಿಗ್ಗೆ ಎಂಟಕ್ಕೆ ದೋಣಿ ಹತ್ತಿದೆವು. ಒಬ್ಬ ಹುಡುಗ ಚಾವಣಿ ಮೇಲೆ ನಿಂತು ನೀರನ್ನೇ ನೋಡುತ್ತಿದ್ದ. ತಿಳಿ ನೀಲಿ ಮುಗಿದು ಕಡು ನೀಲಿ ಶುರುವಾಗುವ ಗೆರೆ ಹಿಡಿದು ದೋಣಿ ಮೆಲ್ಲಗೆ ಹೋಯಿತು, ಬಂತು, ಹೋಯಿತು. ಮಧ್ಯೆ ಒಂದು ಡೈವ್ ಮಾಡಿದೆವು. ಬಿಳಿ ತುದಿಯ ರೆಕ್ಕೆಯ ಸಣ್ಣ ಶಾರ್ಕ್ ಎರಡು, ಹವಳದ ಮೇಲಿನ ಸ್ಪಂಜು ಕಿತ್ತು ತಿನ್ನುತ್ತಿದ್ದ ಕಡಲಾಮೆ ಒಂದು. ಮತ್ತೆ ದೋಣಿ, ಮತ್ತೆ ಗೆರೆ. ಸಂಜೆ ನಾಲ್ಕಾದರೂ ಏನೂ ಇಲ್ಲ.

"ಬರ್ತಾವ ತಗೋ ಅಕ್ಕಾ, ಅವಕ್ಕೂ ಅವುಗಳ ಕೆಲಸ ಇರ್ತಾವ" ಅಂದ ತಮ್ಮ.

ಅವತ್ತು ಬೇಜಾರಾಗಲಿಲ್ಲ. ಇಲ್ಲಿ ಡಬ್ಬಿ ಬಿಚ್ಚುವವರು ಯಾರೂ ಇರಲಿಲ್ಲ.

ಆರನೇ ದಿನ

ಬೆಳಿಗ್ಗೆ ಹತ್ತರ ಸುಮಾರಿಗೆ ಚಾವಣಿ ಮೇಲಿನ ಹುಡುಗ ಕೂಗಿದ. "ಫೆಹುರಿಹಿ! ಫೆಹುರಿಹಿ!" ಅದು ದಿವೇಹಿಯಲ್ಲಿ ತಿಮಿಂಗಿಲ ಶಾರ್ಕ್‌ನ ಹೆಸರು. ಹಾಗೆ ಕೂಗಿದ್ದು ನಮ್ಮ ದೋಣಿಗೆ ಮಾತ್ರ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಏಳು ಬೋಟು ಸೇರಿದವು. ಇದನ್ನು ಹೆಚ್ಚಾಗಿ ಸಿಲಿಂಡರ್ ಇಲ್ಲದೆ, ಮಾಸ್ಕ್ ಮತ್ತು ಉಸಿರುಕೊಳವೆ ಹಾಕಿಕೊಂಡು ಮೇಲಿಂದಲೇ ನೋಡುತ್ತಾರೆ. ಧುಮುಕಿದೆವು. ನೋಡಿದ್ದು ಕಾಲುಗಳು. ಎಲ್ಲೆಲ್ಲೂ ಒದೆಯುವ ಕಾಲುಗಳು, ನೊರೆ. ಮೈಯಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರ ಇರಬೇಕು ಅನ್ನುವುದು ಇಲ್ಲಿಯ ನಿಯಮ. ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ. ಯಾರದೋ ಕಾಲಿಗೆ ಹಾಕಿದ ಈಜು ಫಿನ್ ನನ್ನ ಮಾಸ್ಕ್‌ಗೆ ಬಡಿದು ನೀರು ತುಂಬಿತು. ಅದನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ಒಂದು ದೊಡ್ಡ ನೆರಳು ಕೆಳಗಿಳಿದು ಕತ್ತಲಾಯಿತು. ಅಷ್ಟೇ.

ಮಧ್ಯಾಹ್ನ ಬೋಟುಗಳೆಲ್ಲ ಊಟಕ್ಕೆ ಹೋದವು. ನಾವು ಸಿಲಿಂಡರ್ ಹಾಕಿಕೊಂಡು ಡೈವ್‌ಗೆ ಇಳಿದೆವು. ಹದಿಮೂರು ಮೀಟರ್. ಹವಳದ ಗೋಡೆ ಬಲಕ್ಕೆ, ಎಡಕ್ಕೆ ಬರೀ ನೀಲಿ. ಸೆಳೆತ ನಮ್ಮನ್ನು ಮೆಲ್ಲಗೆ ಒಯ್ಯುತ್ತಿತ್ತು. ಗಾಳಿ ಎಷ್ಟು ಉಳಿದಿದೆ ಅಂತ ಗೇಜ್ ನೋಡಿದೆ, 110 ಬಾರ್. ಆಗ 'ಟಣ್ ಟಣ್ ಟಣ್' ಅಂತ ಸದ್ದು. ಗೈಡ್ ಕಬ್ಬಿಣದ ಕಡ್ಡಿಯಿಂದ ಸಿಲಿಂಡರ್ ಬಡಿಯುತ್ತಿದ್ದ. ನೀರಿನೊಳಗೆ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ, ಯಾವ ಕಡೆಯಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಸುತ್ತ ತಿರುಗಿದೆ. ಏನಿಲ್ಲ. ತಮ್ಮ ನನ್ನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದ.

ಮೊದಲು ಕಂಡದ್ದು ಬಾಯಿ. ಹೆಚ್ಚಿನ ಶಾರ್ಕ್‌ಗಳಿಗೆ ಬಾಯಿ ಮೂತಿಯ ಕೆಳಗೆ, ಇದಕ್ಕೆ ಮುಖದ ತುದಿಯಲ್ಲೇ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಎಳೆದ ಹಾಗೆ. ಅದರ ಮುಂದೆ ಹಳದಿ ಬಣ್ಣದ ಪುಟ್ಟ ಮೀನುಗಳ ಒಂದು ಗುಂಪು, ತೇರಿನ ಮುಂದೆ ಓಡುವ ಮಕ್ಕಳ ಹಾಗೆ. ಹೊಟ್ಟೆಗೆ ಅಂಟಿಕೊಂಡು ಮೂರು ರೆಮೋರಾ ಮೀನು. ಆಮೇಲೆ ಮೈ ಬಂತು. ಬರುತ್ತಲೇ ಇತ್ತು. ಗೈಡ್ ಆಮೇಲೆ ಆರು ಮೀಟರ್ ಅಂದ. ಅಂದರೆ ನಮ್ಮ ಚಿಗರಿ ಬಸ್ಸಿನ ಅರ್ಧ ಉದ್ದ. ಇದು ಹುಡುಗ ಇನ್ನೂ, ಪೂರ್ತಿ ಬೆಳೆದ ತಿಮಿಂಗಿಲ ಶಾರ್ಕ್ ಬಸ್ಸನ್ನೇ ಮೀರಿಸಬಹುದು.

ಕರಿ ನೀಲಿ ಬೆನ್ನು. ಅದರ ಮೇಲೆ ಬಿಳಿ ಚುಕ್ಕಿ. ಒಂದು ಸಾಲು ಚುಕ್ಕಿ, ಒಂದು ತೆಳು ಗೆರೆ, ಮತ್ತೆ ಚುಕ್ಕಿ. ತಲೆಯ ಮೇಲೆ ಒತ್ತೊತ್ತಾಗಿ, ಬಾಲದ ಕಡೆ ದೊಡ್ಡದಾಗಿ, ಬಿಡಿಬಿಡಿಯಾಗಿ. ಅವ್ವನ ಚಂದ್ರಕಾಳಿ ಸೀರೆ! ಕಸೂತಿ ಹಾಕಿದ ಕರಿ ಸೀರೆಯನ್ನು ಯಾರೋ ಸಮುದ್ರದಲ್ಲಿ ಹರವಿ ಎಳೆದುಕೊಂಡು ಹೋಗುತ್ತಿದ್ದಾರೆ ಅನಿಸಿತು. ಮೇಲಿನಿಂದ ಬಿದ್ದ ಬಿಸಿಲಿನ ಗೆರೆಗಳು ಅದರ ಮೇಲೆ ಓಡಾಡುತ್ತಿದ್ದವು. ಜಾವಾದಲ್ಲಿ ಇದಕ್ಕೆ 'ಗೆಗೆರ್ ಲಿಂಟಾಂಗ್' ಅನ್ನುತ್ತಾರಂತೆ, ಬೆನ್ನ ಮೇಲೆ ನಕ್ಷತ್ರ ಇರುವಂಥದ್ದು ಅಂತ. ಅವರು ಆಕಾಶ ನೋಡಿದರು. ನನಗೆ ನಮ್ಮ ಪಡಸಾಲೆ ಕಂಡಿತು.

ಕಣ್ಣು ನನ್ನ ಎದುರಿಗೆ ಬಂತು. ಅಷ್ಟು ದೊಡ್ಡ ಮೈಗೆ ಎಷ್ಟು ಚಿಕ್ಕ ಕಣ್ಣು. ಅದಕ್ಕೆ ರೆಪ್ಪೆ ಇಲ್ಲ. ಕಣ್ಣಗುಡ್ಡೆಯ ಮೇಲೇ ಹಲ್ಲಿನಂಥ ಸಣ್ಣ ಸಣ್ಣ ಹುರುಪೆಗಳ ಕವಚ ಇದೆ ಅಂತ ಜಪಾನಿನ ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ಆ ಕಣ್ಣು ಒಮ್ಮೆ ಹೊರಳಿತು. ನನ್ನನ್ನು ನೋಡಿರಬೇಕು. ದಾರಿ ಬದಲಿಸಲಿಲ್ಲ, ಜೋರು ಮಾಡಲಿಲ್ಲ. ನಾವು ಅದನ್ನು ಕರೆದಿರಲಿಲ್ಲ. ಅದಕ್ಕೆ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ತನ್ನ ಕೆಲಸಕ್ಕೆ ಹೊರಟಿತ್ತು, ದಾರಿಯಲ್ಲಿ ನಾವು ಸಿಕ್ಕೆವು.

ಬೆನ್ನಿನ ರೆಕ್ಕೆಯ ಹಿಂದೆ, ಎಡಗಡೆ, ಒಂದು ಗಾಯದ ಗುರುತು. ಒಂದರ ಪಕ್ಕ ಒಂದು ನಾಲ್ಕು ಗೆರೆ, ಕುಂಟೆ ಹೊಡೆದ ಹಾಗೆ ಸಮ ಅಂತರದಲ್ಲಿ. ಬೋಟಿನ ಫ್ಯಾನು ಕೊಯ್ದದ್ದು. ಮಾಗಿ ಬೆಳ್ಳಗಾಗಿತ್ತು. ಚುಕ್ಕಿಗಳ ಸಾಲು ಅಲ್ಲಿ ತುಂಡಾಗಿತ್ತು.

ಬಾಲ ಎಡಕ್ಕೆ, ಬಲಕ್ಕೆ, ಎಡಕ್ಕೆ. ಬಾಲ ಎಬ್ಬಿಸಿದ ನೀರು ನನ್ನನ್ನು ಒಮ್ಮೆ ತೂಗಿ ಬಿಟ್ಟಿತು. ಆಮೇಲೆ ನೀಲಿ ಮಾತ್ರ. ಗೇಜ್‌ನಲ್ಲಿ 70 ಬಾರ್. ಮೇಲೆ ಬರುವ ಮೊದಲು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಆ ಮೂರು ನಿಮಿಷ ತಮ್ಮ ನನ್ನ ಕೈ ಬಿಡಲಿಲ್ಲ. ದೋಣಿ ಹತ್ತಿ ಮಾಸ್ಕ್ ತೆಗೆದಾಗ ಇಬ್ಬರ ಕಣ್ಣೂ ಕೆಂಪಗಿದ್ದವು.

ಏಳನೇ ದಿನ

ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಡಿಮೆ ಅಂದರೂ 18 ಗಂಟೆ ಬಿಡಬೇಕು. ರಕ್ತದಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಬೇಕಲ್ಲ. ಹಾಗಾಗಿ ಇವತ್ತು ದಡದಲ್ಲೇ.

ಈ ಚುಕ್ಕಿಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರ ಹಾಗೆ ಇನ್ನೊಂದಿಲ್ಲ. ಎಡ ಮಗ್ಗುಲು ಇದ್ದ ಹಾಗೆ ಬಲ ಮಗ್ಗುಲು ಇರುವುದಿಲ್ಲ. ಕಿವಿರುಗಳ ಹಿಂದಿನ ಜಾಗದ ಫೋಟೋ ಸಿಕ್ಕರೆ, ಇದು ಯಾವ ಶಾರ್ಕ್ ಅಂತ ಕಂಪ್ಯೂಟರ್ ಹುಡುಕುತ್ತದೆ. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಫೋಟೋ ಹೋಲಿಸಲು ಬಳಸುತ್ತಿದ್ದ ಲೆಕ್ಕವನ್ನೇ ಇದಕ್ಕೂ ಹೊಂದಿಸಿಕೊಂಡಿದ್ದಾರೆ. ಮಾಲ್ಡೀವ್ಸ್‌ನಲ್ಲಿ 2006ರಿಂದ ಹೀಗೆ ಒಂದೊಂದನ್ನೂ ಗುರುತು ಹಿಡಿದು ದಾಖಲೆ ಇಡುತ್ತಿದ್ದಾರೆ. ತಮ್ಮನ ಕ್ಯಾಮೆರಾದಲ್ಲಿ ಎಡಗಡೆ ಚೆನ್ನಾಗಿ ಬಂದಿತ್ತು. ಕಳಿಸಿಕೊಟ್ಟೆವು. ಮೊದಲೇ ದಾಖಲೆಯಲ್ಲಿರುವ ಗಂಡು ಅಂತ ಉತ್ತರ ಬಂತು.

ಸಂಜೆ ಒಬ್ಬ ಮುದುಕರು ಜೋಲಿಯಲ್ಲಿ ಕೂತು ಮಾತಿಗೆ ಸಿಕ್ಕರು. ಅವರು ಚಿಕ್ಕವರಿದ್ದಾಗ ಫೆಹುರಿಹಿಯನ್ನು ಕೊಂದು, ಅದರ ಪಿತ್ತಜನಕಾಂಗದ ಎಣ್ಣೆ ತೆಗೆದು, ದೋಣಿಯ ಕಟ್ಟಿಗೆಗೆ ಬಳಿಯುತ್ತಿದ್ದರಂತೆ. ಇಲ್ಲಿ 1995ರಲ್ಲಿ ಅದರ ಬೇಟೆ ನಿಂತಿತು. ನಮ್ಮ ಗುಜರಾತಿನ ಕಥೆಯೂ ಇದೇ. ವೇರಾವಲ್ ಕಡೆ ಇದೇ ಎಣ್ಣೆಗೆ, ಮಾಂಸಕ್ಕೆ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಹಿಡಿಯುತ್ತಿದ್ದರು. 2001ರಲ್ಲಿ ಭಾರತ ಸರಕಾರ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು, ಹಾಗೆ ಕಾನೂನಿನ ರಕ್ಷಣೆ ಸಿಕ್ಕ ಮೊದಲ ಮೀನು ಅದೇ. ಕಾನೂನು ಒಂದರಿಂದಲೇ ಆಗಲಿಲ್ಲ. 2004ರಲ್ಲಿ ಕಥಾವಾಚಕ ಮೊರಾರಿ ಬಾಪು ಮೀನುಗಾರರಿಗೆ ಹೇಳಿದರು, ಇದು ಹೆರಿಗೆಗೆ ತವರಿಗೆ ಬಂದ ಮಗಳು, ಅವಳನ್ನು ಕೊಲ್ಲುತ್ತೀರಾ ಅಂತ. ಅಲ್ಲಿಂದ ಅದರ ಹೆಸರು 'ವ್ಹಾಲಿ', ಅಂದರೆ ಅಕ್ಕರೆಯವಳು. ಇವತ್ತು ಅಲ್ಲಿಯ ಮೀನುಗಾರರು ಬಲೆಗೆ ಬಿದ್ದ ವ್ಹಾಲಿಯನ್ನು ತಮ್ಮ ಬಲೆ ಕತ್ತರಿಸಿ ಬಿಡುತ್ತಾರೆ. ಬಲೆಯ ಬೆಲೆ ಸರಕಾರ ಕಟ್ಟಿಕೊಡುತ್ತದೆ. ಆದರೂ ಪ್ರಪಂಚದಲ್ಲಿ ಅವುಗಳ ಸಂಖ್ಯೆ ಇಳಿಯುತ್ತಲೇ ಬಂದು, 2016ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು.

ಮುದುಕರಿಗೆ ತವರಿನ ಮಾತನ್ನು ಹಿಂದಿಯಲ್ಲಿ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯಾಡಿಸಿದರು.

ಎಂಟನೇ ದಿನ

ಮಾಲೆ, ಬೆಂಗಳೂರು, ರಾತ್ರಿ ರೈಲು. ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ.

ಅವ್ವ ಚಹಾ ಕೊಟ್ಟು ಪಕ್ಕದಲ್ಲಿ ಕೂತಳು. ಫೋನಿನಲ್ಲಿ ಫೋಟೋ ತೆಗೆದು ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದಳು. ಬಾಯಿ ನೋಡಲಿಲ್ಲ, ಬಾಲ ನೋಡಲಿಲ್ಲ. ತೋರುಬೆರಳು ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತಿತ್ತು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು, ಹಾಗಾಗಿ ನಾನು ಮಾತಾಡಿಸಲಿಲ್ಲ.

ಬೆರಳು ಬೆನ್ನಿನ ರೆಕ್ಕೆಯ ಹಿಂದೆ ಬಂದು ನಿಂತಿತು.

"ಇಲ್ಲಿ ಹರದೈತಲ್ಲವ್ವಾ. ಯಾರು ಹರದ್ರು?"